ವಾಚಿಕದ ಗಡಿ: ಜರ್ಮನಿಯ ತೆರೆಯ ಮೇಲೆ ಹಿಂದಿ ಚಿತ್ರಗಳ ಶ್ರೇಷ್ಠ ಅಭಿನಯಗಳು

ಹಿಂದಿ ಚಲನಚಿತ್ರಗಳು ಜರ್ಮನಿಯನ್ನು ಎರಡು ಬಾಗಿಲುಗಳಿಂದ ಪ್ರವೇಶಿಸಿವೆ. ಒಂದು ಚಿತ್ರೋತ್ಸವಗಳ ಬಾಗಿಲು. ಇನ್ನೊಂದು ದೂರದರ್ಶನ ವಾಹಿನಿಗಳ ಬಾಗಿಲು. ಮೊದಲನೆಯದರಲ್ಲಿ ನಟನು ತನ್ನ ಸ್ವಂತ ಧ್ವನಿಯೊಂದಿಗೆ ಬರುತ್ತಾನೆ, ಅವನ ಮಾತಿನ ಅರ್ಥವು ಸಬ್‌ಟೈಟಲ್‌ಗಳಾಗಿ ತೆರೆಯ ಕೆಳಗೆ ಮೂಡುತ್ತದೆ. ಎರಡನೆಯದರಲ್ಲಿ ಅವನ ಮುಖ ಮಾತ್ರ ಬರುತ್ತದೆ. ಧ್ವನಿ ಜರ್ಮನ್ ಕಲಾವಿದನೊಬ್ಬನದು. ಒಂದೇ ಚಿತ್ರವನ್ನು ಈ ಎರಡು ರೀತಿಗಳಲ್ಲಿ ನೋಡಿದವರು ತಾವು ಒಂದೇ ಅಭಿನಯವನ್ನು ಎರಡು ಬಾರಿ ನೋಡಿದೆವೆಂದು ಹೇಳಲಾರರು.

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಅಂಗಚಲನೆ ಮತ್ತು ಮುಖಭಾವ ಆಂಗಿಕ, ಮಾತು, ಸ್ವರ, ಉಚ್ಚಾರಣೆ ವಾಚಿಕ, ವೇಷಭೂಷಣ ಆಹಾರ್ಯ, ಒಳಗಿನ ಭಾವವು ಕಣ್ಣೀರು, ಕಂಪನ, ಗದ್ಗದಗಳಾಗಿ ಹೊರಹೊಮ್ಮುವುದು ಸಾತ್ತ್ವಿಕ. ತಾಳಮದ್ದಳೆಯನ್ನು ಕೇಳಿ ಬೆಳೆದ ಕರಾವಳಿಯ ಪ್ರೇಕ್ಷಕರಿಗೆ ವಾಚಿಕವೊಂದರಿಂದಲೇ ಇಡೀ ಪಾತ್ರ ಎದ್ದು ನಿಲ್ಲಬಲ್ಲದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ದೇಶದ ಗಡಿ ದಾಟುವಾಗ ಈ ನಾಲ್ಕರಲ್ಲಿ ಮೂರು ಬಹುಮಟ್ಟಿಗೆ ಸುರಕ್ಷಿತವಾಗಿ ದಾಟುತ್ತವೆ. ತಡೆಯಾಗುವುದು ವಾಚಿಕಕ್ಕೆ. ಆಧುನಿಕ ಹಿಂದಿ ಚಿತ್ರಗಳ ಮೆಚ್ಚುಗೆ ಪಡೆದ ಕೆಲವು ಅಭಿನಯಗಳನ್ನು, ವಿಶೇಷವಾಗಿ ಜರ್ಮನಿಯೊಂದಿಗೆ ನಂಟುಳ್ಳವನ್ನು, ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೂರ್ವಪೀಠಿಕೆ: ಮ್ಯೂನಿಕ್‌ನಿಂದ ಬೆಂಗಳೂರಿಗೆ

ಹಿಂದಿ ಚಿತ್ರಾಭಿನಯಕ್ಕೂ ಜರ್ಮನಿಗೂ ಇರುವ ಸಂಬಂಧ ಮೂಕಿಚಿತ್ರಗಳ ಕಾಲದ್ದು. ಮ್ಯೂನಿಕ್‌ನ ನಿರ್ದೇಶಕ ಫ್ರಾಂಜ್ ಆಸ್ಟೆನ್ ಮತ್ತು ಬಂಗಾಳದ ಹಿಮಾಂಶು ರಾಯ್ ಕೂಡಿ 1925ರಲ್ಲಿ ಬುದ್ಧನ ಜೀವನವನ್ನು ಕುರಿತ ‘ದಿ ಲೈಟ್ ಆಫ್ ಏಷ್ಯಾ’ ಚಿತ್ರವನ್ನು ನಿರ್ಮಿಸಿದರು. ‘ಶಿರಾಜ್’ (1928) ಮತ್ತು ‘ಎ ಥ್ರೋ ಆಫ್ ಡೈಸ್’ (1929) ಅದನ್ನು ಹಿಂಬಾಲಿಸಿದವು. ಮೂಕಿಚಿತ್ರದಲ್ಲಿ ವಾಚಿಕದ ತೊಡಕೇ ಇರಲಿಲ್ಲ. ನಡುನಡುವೆ ಬರುವ ಬರಹದ ಫಲಕಗಳನ್ನು ಬದಲಾಯಿಸಿದರೆ ಚಿತ್ರವು ಯಾವ ದೇಶದಲ್ಲಾದರೂ ಪ್ರದರ್ಶನಕ್ಕೆ ಸಿದ್ಧವಾಗುತ್ತಿತ್ತು.

ಮಾತು ಬಂದ ಮೇಲೆ ಸ್ಥಿತಿ ಬದಲಾಯಿತು. 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಮುಂಬಯಿಯಲ್ಲಿ ಬಾಂಬೆ ಟಾಕೀಸ್ ಸ್ಥಾಪಿಸಿದಾಗ ಆಸ್ಟೆನ್ ಅಲ್ಲಿಯ ನಿರ್ದೇಶಕರಾದರು. ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್ ಕೂಡ ಜರ್ಮನಿಯಿಂದಲೇ ಬಂದವರು. ಆಸ್ಟೆನ್‌ಗೆ ಹಿಂದಿ ಬರುತ್ತಿರಲಿಲ್ಲ. 1936ರ ‘ಅಛೂತ್ ಕನ್ಯಾ’ ಚಿತ್ರದಲ್ಲಿ ದೇವಿಕಾ ರಾಣಿ ಮತ್ತು ಅಶೋಕ್ ಕುಮಾರ್ ಅವರ ಅಭಿನಯವನ್ನು ರೂಪಿಸಿದ ನಿರ್ದೇಶಕನು ಅವರ ಮಾತನ್ನು ಅರ್ಥದಿಂದಲ್ಲ, ಲಯದಿಂದ, ಮುಖದಿಂದ, ಬೆಳಕು ಮುಖದ ಮೇಲೆ ಬೀಳುವ ಬಗೆಯಿಂದ ಅಳೆಯಬೇಕಾಗಿತ್ತು. ಇಂದು ಜರ್ಮನಿಯ ಪ್ರೇಕ್ಷಕನು ಹಿಂದಿ ಚಿತ್ರದ ಮುಂದೆ ಕುಳಿತಾಗ ಅವನ ಸ್ಥಿತಿಯೂ ಬಹುಮಟ್ಟಿಗೆ ಇದೇ.

ದೇವಿಕಾ ರಾಣಿ ಮುಂದೆ ಚಿತ್ರರಂಗದಿಂದ ನಿವೃತ್ತರಾಗಿ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ವಿವಾಹವಾಗಿ, ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿ ನೆಲೆಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಪಡೆದ ಮೊದಲಿಗರು ಅವರೇ. 1994ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

‘ಅಂಕುರ್’: ದಖನಿಯ ಮಾತು, ಮಾತಿಲ್ಲದ ಪಾತ್ರ

ಆಧುನಿಕ ಹಿಂದಿ ಚಿತ್ರಾಭಿನಯದ ಚರ್ಚೆಯನ್ನು ಶ್ಯಾಮ್ ಬೆನಗಲ್ ಅವರ ‘ಅಂಕುರ್’ ಚಿತ್ರದಿಂದ ಆರಂಭಿಸುವುದು ಉಚಿತ. ಅದು 1974ರಲ್ಲಿ ಪಶ್ಚಿಮ ಬರ್ಲಿನ್ನಿನ ಅಂತರರಾಷ್ಟ್ರೀಯ ಚಿತ್ರೋತ್ಸವದ ಸ್ಪರ್ಧಾವಿಭಾಗದಲ್ಲಿ ಪ್ರದರ್ಶಿತವಾಯಿತು. ಕನ್ನಡಿಗರಿಗೆ ಇದರಲ್ಲಿ ವಿಶೇಷ ಆಸಕ್ತಿಗೆ ಕಾರಣವಿದೆ. ಬೆನಗಲ್ ಅವರ ಮನೆತನದ ಮೂಲ ನಮ್ಮ ಕರಾವಳಿ. ನಾಯಕನ ಪಾತ್ರ ವಹಿಸಿದವರು ಅನಂತ ನಾಗ್. ಅದು ಅವರ ಮೊದಲ ಹಿಂದಿ ಚಿತ್ರ. ಕಥೆ ನಡೆಯುವುದು ಹೈದರಾಬಾದಿನ ಸಮೀಪದ ಹಳ್ಳಿಯೊಂದರಲ್ಲಿ. ಪಾತ್ರಗಳ ಭಾಷೆ ದಖನಿ. ‘ನಕ್ಕೋ’, ‘ಹೌ’, ‘ಕೈಕು’ ಎಂಬ ಮಾತುಗಳನ್ನು ಬೀದರ್, ಕಲಬುರಗಿ, ರಾಯಚೂರಿನ ಸಂತೆಗಳಲ್ಲಿ ಕೇಳಿದವರಿಗೆ ಅದು ಪಕ್ಕದ ಮನೆಯ ಭಾಷೆ. ದಿಲ್ಲಿಯ ಪ್ರೇಕ್ಷಕನಿಗಿಂತ ಕಲಬುರಗಿಯ ಪ್ರೇಕ್ಷಕನಿಗೆ ಆ ಚಿತ್ರದ ವಾಚಿಕ ಹೆಚ್ಚು ಹತ್ತಿರದ್ದು.

ಜಮೀನ್ದಾರನ ಮಗ ಸೂರ್ಯ ತಂದೆಯ ಒತ್ತಾಯಕ್ಕೆ ಹಳ್ಳಿಯ ತೋಟದಮನೆಗೆ ಬರುತ್ತಾನೆ. ಮನೆಗೆಲಸದ ಲಕ್ಷ್ಮಿಯನ್ನು ತನ್ನವಳನ್ನಾಗಿ ಮಾಡಿಕೊಳ್ಳುತ್ತಾನೆ. ಅವಳು ಗರ್ಭಿಣಿಯಾದಾಗ ಕೈಬಿಡುತ್ತಾನೆ. ಲಕ್ಷ್ಮಿಯ ಗಂಡ ಕಿಷ್ಟಯ್ಯ ಕಿವಿ ಕೇಳದ, ಮಾತು ಬಾರದ ಕುಂಬಾರ. ಊರು ಬಿಟ್ಟು ಹೋಗಿದ್ದ ಆತ ಹಿಂದಿರುಗಿ ಕೆಲಸ ಕೇಳಲು ಬರುವುದನ್ನು ಸೂರ್ಯ ದೂರದಿಂದ ನೋಡುತ್ತಾನೆ. ಸೇಡಿಗಾಗಿಯೇ ಬರುತ್ತಿದ್ದಾನೆಂದು ಬಗೆದು ಭಯದಿಂದ ಚಾಟಿಯಲ್ಲಿ ಹೊಡೆಯುತ್ತಾನೆ.

ಇಲ್ಲಿ ಮೂರು ಅಭಿನಯಗಳಿವೆ. ಶಬಾನಾ ಆಜ್ಮಿ ಅವರ ಲಕ್ಷ್ಮಿ ಚಿತ್ರದ ಬಹುಭಾಗದಲ್ಲಿ ಕಡಿಮೆ ಮಾತಿನವಳು. ಕೊನೆಯಲ್ಲಿ ಅವಳ ಶಾಪ ಕಟ್ಟೆಯೊಡೆದಂತೆ ಹರಿಯುತ್ತದೆ. ಆ ಕ್ಷಣದ ಬಲ ಇರುವುದು ಅದಕ್ಕೆ ಮುಂಚಿನ ಮೌನದಲ್ಲಿ ಮತ್ತು ಒರಟಾದ ಗ್ರಾಮೀಣ ಉಚ್ಚಾರಣೆಯಲ್ಲಿ. ಅನಂತ ನಾಗ್ ಅವರ ಸೂರ್ಯ ದುಷ್ಟನಾಗಿ ಚಿತ್ರಿತನಾಗದೆ ದುರ್ಬಲನಾಗಿ ಚಿತ್ರಿತನಾಗಿದ್ದಾನೆ. ಅಧಿಕಾರದ ಮಾತನ್ನು ಆಡುವಾಗಲೂ ಧ್ವನಿಯಲ್ಲಿ ಹುಡುಗುತನ ಉಳಿದಿರುತ್ತದೆ. ಹೊಡೆತದ ನಂತರ ಅವನು ಬಾಗಿಲು ಮುಚ್ಚಿಕೊಂಡು ಒಳಗೆ ನಡುಗುವ ದೃಶ್ಯದಲ್ಲಿ ಆ ಹುಡುಗುತನದ ನಿಜಸ್ವರೂಪ ಬಯಲಾಗುತ್ತದೆ. ಮೂರನೆಯದು ಕಿಷ್ಟಯ್ಯನಾಗಿ ಸಾಧು ಮೆಹರ್ ಅವರದು.

ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಶಬಾನಾ ಆಜ್ಮಿ ಅವರಿಗೂ, ಶ್ರೇಷ್ಠ ನಟ ಪ್ರಶಸ್ತಿ ಸಾಧು ಮೆಹರ್ ಅವರಿಗೂ ಸಂದವು. ಒಂದು ಮಾತನ್ನೂ ಆಡದ ಪಾತ್ರಕ್ಕೆ ದೊರೆತ ಪ್ರಶಸ್ತಿಯದು. 1972ರ ‘ಕೋಶಿಶ್’ ಚಿತ್ರದಲ್ಲಿ ಮೂಕ ಮತ್ತು ಕಿವುಡ ಪಾತ್ರಕ್ಕಾಗಿ ಸಂಜೀವ್ ಕುಮಾರ್ ಅದೇ ಪ್ರಶಸ್ತಿ ಪಡೆದಿದ್ದರು. ಮುಂದೆ ‘ಬ್ಲ್ಯಾಕ್’ (2005) ಚಿತ್ರದ ರಾಣಿ ಮುಖರ್ಜಿ, ನಮ್ಮ ಗಿರೀಶ ಕಾರ್ನಾಡರೂ ನಟಿಸಿದ ‘ಇಕ್ಬಾಲ್’ (2005) ಚಿತ್ರದ ಶ್ರೇಯಸ್ ತಳಪದೆ, ‘ಬರ್ಫಿ’ (2012) ಚಿತ್ರದ ರಣಬೀರ್ ಕಪೂರ್ ಇದೇ ಸಾಲಿಗೆ ಸೇರಿದರು. ಇಂಥ ಪಾತ್ರಗಳು ಯಾವ ದೇಶಕ್ಕೆ ಹೋದರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಬರ್ಲಿನ್ನಿನ ಪ್ರೇಕ್ಷಕನು ಕಿಷ್ಟಯ್ಯನನ್ನು ಪೂರ್ಣವಾಗಿ ಕಂಡನು. ಲಕ್ಷ್ಮಿಯನ್ನು ಮುಕ್ಕಾಲು ಪಾಲು ಕಂಡನೆನ್ನಬೇಕು.

ಧ್ವನಿ ಬದಲಾದಾಗ

ಜರ್ಮನಿಯಲ್ಲಿ ಡಬ್ಬಿಂಗ್ ಒಂದು ಗೌರವಾನ್ವಿತ ವೃತ್ತಿ. ಅಲ್ಲಿ ಅದನ್ನು ‘ಸಿಂಕ್ರೋನ್’ ಎನ್ನುತ್ತಾರೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಜರ್ಮನ್ ಭಾಗ ಸೇರಿ ಮಾರುಕಟ್ಟೆ ದೊಡ್ಡದಾದ್ದರಿಂದ ಅದರ ವೆಚ್ಚ ಹುಟ್ಟುತ್ತದೆ. ಅನುವಾದಿತ ಸಂಭಾಷಣೆಯನ್ನು ತುಟಿಯ ಚಲನೆಗೆ ಹೊಂದಿಸುವ ಬರಹಗಾರರು ಬೇರೆಯೇ ಇರುತ್ತಾರೆ. ಮುಖ ಹತ್ತಿರದಿಂದ ಕಾಣುವಾಗ ಪ, ಬ, ಮ ಎಂಬ ಓಷ್ಠ್ಯಗಳು ಮೂಲದಲ್ಲಿ ಎಲ್ಲಿ ಬರುತ್ತವೆಯೋ ಅಲ್ಲಿಯೇ ಜರ್ಮನ್ ವಾಕ್ಯದಲ್ಲಿಯೂ ಬರಬೇಕು. ಇಲ್ಲವಾದರೆ ಮುಚ್ಚಿದ ತುಟಿಯಿಂದ ತೆರೆದ ಸ್ವರ ಹೊರಟಂತಾಗುತ್ತದೆ. ಒಬ್ಬ ವಿದೇಶೀ ತಾರೆಗೆ ಒಬ್ಬನೇ ಕಲಾವಿದ ದಶಕಗಳ ಕಾಲ ಧ್ವನಿ ನೀಡುವುದು ರೂಢಿ. ಅಮೆರಿಕದ ರಾಬರ್ಟ್ ಡಿ ನೀರೊ ಜರ್ಮನರ ಕಿವಿಗೆ ಕ್ರಿಶ್ಚಿಯನ್ ಬ್ರೂಕ್ನರ್ ಅವರ ಧ್ವನಿಯಲ್ಲೇ ಪರಿಚಿತ.

2004ರ ನವೆಂಬರಿನಲ್ಲಿ ಆರ್‌ಟಿಎಲ್ ಟೂ ವಾಹಿನಿಯು 2001ರ ‘ಕಭಿ ಖುಷಿ ಕಭಿ ಗಮ್’ ಚಿತ್ರವನ್ನು ಜರ್ಮನ್ ಧ್ವನಿಯಲ್ಲಿ ಪ್ರಸಾರ ಮಾಡಿತು. ಅದಕ್ಕಿಟ್ಟ ಹೆಸರು ‘ಇನ್ ಗೂಟೆನ್ ವೀ ಇನ್ ಶ್ವೇರೆನ್ ಟಾಗೆನ್’, ಅಂದರೆ ‘ಸುಖದ ದಿನಗಳಲ್ಲೂ ಕಷ್ಟದ ದಿನಗಳಲ್ಲೂ’. ಜರ್ಮನರ ವಿವಾಹಪ್ರತಿಜ್ಞೆಯನ್ನು ನೆನಪಿಸುವ ಮಾತು. ಜರ್ಮನಿಯಲ್ಲಿ ಹಿಂದಿ ಚಿತ್ರಗಳ ಜನಪ್ರಿಯತೆಯ ಅಲೆ ಎದ್ದದ್ದು ಆ ಪ್ರಸಾರದ ನಂತರ. ಕಲೋನ್‌ನ ರ‍್ಯಾಪಿಡ್ ಐ ಮೂವೀಸ್ ಸಂಸ್ಥೆ ಅನೇಕ ಹಿಂದಿ ಚಿತ್ರಗಳನ್ನು ಜರ್ಮನ್ ಪ್ರೇಕ್ಷಕರಿಗೆ ತಲುಪಿಸಿತು. ಶಾರುಖ್ ಖಾನ್ ಆ ಅಲೆಯ ತುದಿಯಲ್ಲಿದ್ದರು. ಅವರ ಬಹುತೇಕ ಚಿತ್ರಗಳಿಗೆ ಜರ್ಮನ್ ಧ್ವನಿ ನೀಡಿದವರು ಪಾಸ್ಕಲ್ ಬ್ರಾಯರ್.

ಇದರಿಂದ ಶಾರುಖ್ ಅವರ ಅಭಿನಯ ನಷ್ಟವಾಯಿತೆನ್ನಲಾಗದು. ಅವರ ಶಕ್ತಿಯ ಬಹುಪಾಲು ಆಂಗಿಕದಲ್ಲಿದೆ: ಚಾಚಿದ ತೋಳು, ತುಂಬಿ ನಿಂತು ಹರಿಯದ ಕಣ್ಣೀರು, ತಡೆದು ನಗುವ ಬಗೆ. ಆದರೆ ಉಸಿರು ಸಿಕ್ಕಿಕೊಂಡಂತೆ ಮಾತು ತುಂಡಾಗುವ ಅವರ ವಿಶಿಷ್ಟ ಶೈಲಿ ಜರ್ಮನ್ ಧ್ವನಿಯಲ್ಲಿ ಇನ್ನೊಬ್ಬರ ವ್ಯಾಖ್ಯಾನವಾಗುತ್ತದೆ. ಅದೇ ಚಿತ್ರದ ಅಮಿತಾಭ್ ಬಚ್ಚನ್ ಅವರ ವಿಷಯದಲ್ಲಿ ನಷ್ಟ ಇನ್ನೂ ಹೆಚ್ಚಿನದು. 1969ರ ‘ಭುವನ್ ಶೋಮ್’ ಚಿತ್ರಕ್ಕೆ ಮುಖ ತೋರದೆ ನಿರೂಪಕನಾಗಿ ಧ್ವನಿ ಮಾತ್ರ ನೀಡಿದ್ದ ನಟ ಅವರು. ಧ್ವನಿಯೇ ಅವರ ಮೂಲಧನ.

ಸರ್ವನಾಮಗಳ ವಿಷಯದಲ್ಲಿ ಮಾತ್ರ ಜರ್ಮನ್ ಭಾಷೆಗೆ ಒಂದು ಅನುಕೂಲವಿದೆ. ಹಿಂದಿಯಲ್ಲಿ ‘ತೂ’, ‘ತುಮ್’, ‘ಆಪ್’ ಎಂಬ ಮೂರು ಮೆಟ್ಟಿಲುಗಳಿವೆ. ನಟನು ಒಂದರಿಂದ ಇನ್ನೊಂದಕ್ಕೆ ಇಳಿಯುವುದು ಅಥವಾ ಏರುವುದು ಒಂದು ಅಭಿನಯಕ್ಷಣ. ಇಂಗ್ಲಿಷಿನ ಒಂದೇ ಸರ್ವನಾಮದಲ್ಲಿ ಅದು ಅಳಿಸಿಹೋಗುತ್ತದೆ. ಜರ್ಮನ್‌ನಲ್ಲಿ ‘ಡು’ ಮತ್ತು ‘ಜೀ’ ಎಂಬ ಎರಡಿವೆ, ಕನ್ನಡದ ನೀನು, ನೀವುಗಳಂತೆ. ಸಂಬಂಧದ ತಿರುವನ್ನು ಸೂಚಿಸಲು ಅಷ್ಟರಮಟ್ಟಿಗೆ ಅವಕಾಶವುಂಟು.

ಭಾರತದೊಳಗಿನ ಎರವಲು ಧ್ವನಿ

ಧ್ವನಿಯನ್ನು ಬೇರ್ಪಡಿಸುವುದು ಜರ್ಮನರ ಅಪರಾಧವೆಂದು ಭಾವಿಸುವ ಮೊದಲು ನಮ್ಮ ಅಭ್ಯಾಸವನ್ನೂ ನೋಡಿಕೊಳ್ಳಬೇಕು. ‘ಅಛೂತ್ ಕನ್ಯಾ’ದ ನಟನಟಿಯರು ತಮ್ಮ ಹಾಡುಗಳನ್ನು ತಾವೇ ಹಾಡಿದರು, ಆನಂತರ ಹಿನ್ನೆಲೆ ಗಾಯನ ರೂಢಿಯಾಗಿ, ಹಾಡು ಬಂದಾಗ ಧ್ವನಿ ಬದಲಾಗುವುದನ್ನು ನಾವು ಗಮನಿಸುವುದನ್ನೇ ಬಿಟ್ಟೆವು. ಮಾತನ್ನೂ ಚಿತ್ರೀಕರಣದ ನಂತರ ಸ್ಟುಡಿಯೋದಲ್ಲಿ ನಟರೇ ಮತ್ತೆ ಹೇಳುವುದು ದೀರ್ಘಕಾಲ ನಡೆದು ಬಂದ ಕ್ರಮ. ಚಿತ್ರೀಕರಣದ ಸ್ಥಳದಲ್ಲಿಯೇ ಧ್ವನಿಮುದ್ರಣ ಮಾಡುವ ಪದ್ಧತಿಗೆ ಹಿಂದಿಯ ಮುಖ್ಯಧಾರೆಯಲ್ಲಿ ಮರುಚಾಲನೆ ದೊರೆತದ್ದು 2001ರ ‘ಲಗಾನ್’ ಚಿತ್ರದಿಂದ. ಈಚಿನ ಎರಡು ದಶಕಗಳ ಹಿಂದಿ ಅಭಿನಯ ಹೆಚ್ಚು ಸಹಜವಾಗಿ ಕೇಳಿಸುವುದಕ್ಕೆ ಈ ತಾಂತ್ರಿಕ ಬದಲಾವಣೆ ಒಂದು ಮುಖ್ಯ ಕಾರಣ.

ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಅವರ ಉದಾಹರಣೆ ಇಲ್ಲಿ ಪ್ರಸ್ತುತ. ಅವರ ಮೊದಲ ಚಿತ್ರ 2006ರ ಕನ್ನಡದ ‘ಐಶ್ವರ್ಯ’. ಮರುವರ್ಷ ಬಂದ ಮೊದಲ ಹಿಂದಿ ಚಿತ್ರ ‘ಓಂ ಶಾಂತಿ ಓಂ’ನಲ್ಲಿ ಅವರ ಸಂಭಾಷಣೆಗೆ ಧ್ವನಿ ನೀಡಿದವರು ಮೋನಾ ಘೋಷ್ ಶೆಟ್ಟಿ. 2008ರ ಬರ್ಲಿನ್ ಉತ್ಸವದಲ್ಲಿ ಆ ಚಿತ್ರ ಪ್ರದರ್ಶಿತವಾದಾಗ ‘ಮೂಲ ಧ್ವನಿ’ಯೆಂದು ಪ್ರೇಕ್ಷಕರು ಕೇಳಿದ್ದು ಎರವಲು ಧ್ವನಿಯನ್ನೇ. ಎಂಟು ವರ್ಷಗಳ ನಂತರದ ‘ಪೀಕು’ (2015) ಚಿತ್ರದಲ್ಲಿ ವಯಸ್ಸಾದ ತಂದೆಯ ಹಟಕ್ಕೆ ಸಿಡುಕುತ್ತಲೇ ಆರೈಕೆ ಮಾಡುವ ಮಗಳಾಗಿ ಅವರು ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. ಆ ಸಿಡುಕು, ಅದರ ಅಡಿಯ ಅಕ್ಕರೆ ಎರಡೂ ಅವರ ಸ್ವಂತ ಧ್ವನಿಯಲ್ಲಿವೆ. ಈ ಎರಡು ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ ವಾಚಿಕವು ನಟಿಗೆ ಏನನ್ನು ಕೊಡುತ್ತದೆಂಬುದು ಸ್ಪಷ್ಟವಾಗುತ್ತದೆ.

ಶ್ರೀದೇವಿಯವರ ವೃತ್ತಿಜೀವನವೂ ಇದನ್ನೇ ಹೇಳುತ್ತದೆ. ಆರಂಭದ ಹಿಂದಿ ಚಿತ್ರಗಳಲ್ಲಿ ಅವರಿಗೆ ಬೇರೆಯವರ ಧ್ವನಿ. 1986ರ ‘ಆಖ್ರೀ ರಾಸ್ತಾ’ದಲ್ಲಿ ಅದು ನಟಿ ರೇಖಾ ಅವರದಾಗಿತ್ತು. ಅದೇ ಶ್ರೀದೇವಿ 2012ರ ‘ಇಂಗ್ಲಿಷ್ ವಿಂಗ್ಲಿಷ್’ನಲ್ಲಿ ಪರದೇಶದ ಅಂಗಡಿಯಲ್ಲಿ ಒಂದು ಲೋಟ ಕಾಫಿ ಕೇಳಲು ಭಾಷೆ ಸಾಲದೆ ಕುಗ್ಗುವ ಗೃಹಿಣಿಯಾದರು. ಹೊರದೇಶದಲ್ಲಿ ನೆಲೆಸಿದ ನಮ್ಮಲ್ಲಿ ಆ ದೃಶ್ಯವನ್ನು ನಿರ್ಲಿಪ್ತರಾಗಿ ನೋಡಬಲ್ಲವರು ಕಡಿಮೆ.

‘ದಿ ಲಂಚ್‌ಬಾಕ್ಸ್’: ಕೇವಲ ಧ್ವನಿಯಾದ ಪಾತ್ರ

ರಿತೇಶ್ ಬಾತ್ರಾ ನಿರ್ದೇಶನದ ‘ದಿ ಲಂಚ್‌ಬಾಕ್ಸ್’ (2013) ಭಾರತ, ಫ್ರಾನ್ಸ್ ಮತ್ತು ಜರ್ಮನಿಯ ಸಂಸ್ಥೆಗಳು ಕೂಡಿ ನಿರ್ಮಿಸಿದ ಚಿತ್ರ. ಮುಂಬಯಿಯ ಡಬ್ಬಾವಾಲಾಗಳ ಅಪರೂಪದ ತಪ್ಪಿನಿಂದ ಇಳಾ ಎಂಬ ಗೃಹಿಣಿಯ ಊಟದ ಡಬ್ಬಿ ನಿವೃತ್ತಿಯ ಅಂಚಿನಲ್ಲಿರುವ ಗುಮಾಸ್ತ ಸಾಜನ್ ಫರ್ನಾಂಡಿಸ್‌ಗೆ ತಲುಪುತ್ತದೆ. ಡಬ್ಬಿಯೊಳಗಿನ ಚೀಟಿಗಳ ಮೂಲಕ ಸ್ನೇಹ ಬೆಳೆಯುತ್ತದೆ.

ಇರ್ಫಾನ್ ಖಾನ್ ಅವರ ಸಾಜನ್ ಆಧುನಿಕ ಹಿಂದಿ ಅಭಿನಯದ ಸಂಯಮಕ್ಕೆ ಅತ್ಯುತ್ತಮ ನಿದರ್ಶನಗಳಲ್ಲಿ ಒಂದು. ಡಬ್ಬಿಯನ್ನು ತೆರೆದು ವಾಸನೆ ನೋಡುವುದು, ಮೊದಲ ತುತ್ತಿಗೆ ಒಂದು ಕ್ಷಣ ನಿಲ್ಲುವುದು, ಎದುರಿಗೆ ಬಂದು ಕುಳಿತ ಹೊಸ ಸಹೋದ್ಯೋಗಿಯನ್ನು ಕಂಡೂ ಕಾಣದಂತಿರುವುದು ಶುದ್ಧ ಆಂಗಿಕ. ಇದಕ್ಕೆ ಅನುವಾದ ಬೇಡ. ಆ ಸಹೋದ್ಯೋಗಿ ಶೇಖ್ ಆಗಿ ನವಾಜುದ್ದೀನ್ ಸಿದ್ದಿಕಿ ನಟಿಸಿದ್ದಾರೆ. ‘ನನ್ನ ಅಮ್ಮ ಹೇಳುತ್ತಿದ್ದಳು’ ಎಂದು ಮತ್ತೆ ಮತ್ತೆ ಆರಂಭಿಸುವ ಶೇಖ್, ವಾಸ್ತವದಲ್ಲಿ ಅನಾಥ. ಹಾಗೆ ಹೇಳಿದರೆ ಮಾತಿಗೆ ತೂಕ ಬರುತ್ತದೆಂಬುದು ಅವನ ವಿವರಣೆ. ಆ ಒಪ್ಪಿಗೆಯ ಮಾತನ್ನು ನವಾಜುದ್ದೀನ್ ದುಃಖದಿಂದ ಭಾರಗೊಳಿಸದೆ ಲಘುವಾಗಿಯೇ ಹೇಳುವುದರಿಂದ ಅದು ಕೇಳುವವರೊಳಗೆ ಹೆಚ್ಚು ಆಳಕ್ಕಿಳಿಯುತ್ತದೆ.

ಇಳಾಳ ಮೇಲಿನ ಮನೆಯ ದೇಶಪಾಂಡೆ ಆಂಟಿಯಾಗಿ ಭಾರತಿ ಆಚ್ರೇಕರ್ ಒಮ್ಮೆಯೂ ತೆರೆಯ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಕಿಟಕಿಯಿಂದ ಕೇಳಿಬರುವ ಧ್ವನಿ, ಇಳಿಬಿಟ್ಟ ಬುಟ್ಟಿ, ಇಷ್ಟೇ ಆ ಪಾತ್ರ. ಮರಾಠಿಯ ಛಾಯೆಯುಳ್ಳ ಆ ಹಿಂದಿಯಿಂದಲೇ ಅವಳ ವಯಸ್ಸು, ಊರು, ಪಾಕಜ್ಞಾನ, ಹಾಸಿಗೆ ಹಿಡಿದ ಗಂಡನ ಸೇವೆ ಮಾಡುವ ದಣಿವು ಎಲ್ಲವೂ ತಿಳಿಯುತ್ತವೆ. ‘ಅಂಕುರ್’ನ ಕಿಷ್ಟಯ್ಯನಿಗೆ ಇದು ನೇರ ವಿರುದ್ಧ ತುದಿ. ಕಿಷ್ಟಯ್ಯನನ್ನು ಡಬ್ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಆಂಟಿಯನ್ನು ಡಬ್ ಮಾಡಿದರೆ ಮೂಲ ನಟಿಯ ಕೆಲಸದಲ್ಲಿ ಏನೂ ಉಳಿಯುವುದಿಲ್ಲ.

ಬರ್ಲಿನ್ ಉತ್ಸವದ ಈಚಿನ ಚಿತ್ರಗಳು

ಬರ್ಲಿನ್ ಉತ್ಸವದಲ್ಲಿ ಈಚೆಗೆ ಪ್ರದರ್ಶಿತವಾದ ಹಿಂದಿ ಚಿತ್ರಗಳ ಮುಖ್ಯ ಅಭಿನಯಗಳು ಬಹುಮಟ್ಟಿಗೆ ಪ್ರಾದೇಶಿಕ ನುಡಿಯನ್ನು ಅವಲಂಬಿಸಿವೆ. 2014ರಲ್ಲಿ ಪನೋರಮಾ ವಿಭಾಗದಲ್ಲಿದ್ದ ‘ಹೈವೇ’ ಚಿತ್ರದಲ್ಲಿ ರಣದೀಪ್ ಹೂಡಾ ಅವರ ಅಪಹರಣಕಾರ ಹರಿಯಾಣದ ಗಡಸು ನುಡಿಯವನು. ಆಲಿಯಾ ಭಟ್ ಅವರ ವೀರಾ ದಿಲ್ಲಿಯ ಸಿರಿವಂತರ ಮನೆಯವಳು. ಬಾಲ್ಯದಲ್ಲಿ ತನ್ನ ಮೇಲಾದ ದೌರ್ಜನ್ಯವನ್ನು ಅವಳು ಅವನಿಗೆ ಹೇಳುವ ದೃಶ್ಯ ಆಲಿಯಾ ಅವರನ್ನು ಗಂಭೀರ ನಟಿಯರ ಸಾಲಿಗೆ ಸೇರಿಸಿತು.

2017ರಲ್ಲಿ ಫೋರಮ್ ವಿಭಾಗದಲ್ಲಿ ಪ್ರದರ್ಶಿತವಾಗಿ ಕಲಾಚಿತ್ರಮಂದಿರಗಳ ಒಕ್ಕೂಟದ ಪ್ರಶಸ್ತಿ ಪಡೆದ ‘ನ್ಯೂಟನ್’ ಚಿತ್ರದಲ್ಲಿ ಭಾಷೆಯೇ ಕಥೆಯ ಒಂದು ಅಂಗ. ಛತ್ತೀಸ್‌ಗಢದ ಕಾಡಿನ ಮತಗಟ್ಟೆಯೊಂದರಲ್ಲಿ 76 ಮತದಾರರು. ಅವರ ನುಡಿ ಗೊಂಡಿ. ಚುನಾವಣಾಧಿಕಾರಿಯಾದ ರಾಜ್‌ಕುಮಾರ್ ರಾವ್ ಅವರ ನ್ಯೂಟನ್‌ಗೆ ಅದು ಬಾರದು; ಅಂಜಲಿ ಪಾಟೀಲ್ ಅವರ ಮಲ್ಕೋ ದುಭಾಷಿ. ರಾವ್ ಅವರ ಬಿಗಿದ ದವಡೆಯ ಪ್ರಾಮಾಣಿಕತೆಗೆ ಎದುರಾಗಿ ಪಂಕಜ್ ತ್ರಿಪಾಠಿ ಅವರ ರಕ್ಷಣಾಧಿಕಾರಿ ಆತ್ಮಾಸಿಂಗ್ ನಿಧಾನವಾಗಿ, ಸುಸ್ತಾದವನಂತೆ, ವ್ಯಂಗ್ಯವನ್ನು ಸೌಜನ್ಯದೊಳಗೆ ಅಡಗಿಸಿ ಮಾತನಾಡುತ್ತಾನೆ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಗಳಲ್ಲಿ ವಿಶೇಷ ಉಲ್ಲೇಖ ದೊರೆಯಿತು. ಹಿಂದಿ ಬಲ್ಲವರಿಗೆ ಅವರ ಪ್ರತಿ ವಾಕ್ಯವೂ ಎರಡರ್ಥದ್ದು. ಸಬ್‌ಟೈಟಲ್‌ನ ಎರಡು ಸಾಲುಗಳಲ್ಲಿ ಒಂದೇ ಅರ್ಥಕ್ಕೆ ಜಾಗ.

2019ರ ‘ಗಲ್ಲಿ ಬಾಯ್’ ಮುಂಬಯಿಯ ಧಾರಾವಿಯ ರ‍್ಯಾಪ್ ಗಾಯಕನ ಕಥೆ. ರಣವೀರ್ ಸಿಂಗ್ ತಮ್ಮ ಪಾತ್ರದ ರ‍್ಯಾಪ್‌ಗಳನ್ನು ತಾವೇ ಹಾಡಿದರು. ಅಬ್ಬರಕ್ಕೆ ಹೆಸರಾದ ನಟ ಇಲ್ಲಿ ತಗ್ಗಿದ ದನಿಯ, ಕಣ್ಣು ಕೆಳಗಿಟ್ಟ ಹುಡುಗನಾಗಿ, ಮೈಕ್ ಹಿಡಿದಾಗ ಮಾತ್ರ ತೆರೆದುಕೊಳ್ಳುತ್ತಾರೆ. 2022ರ ‘ಗಂಗೂಬಾಯಿ ಕಾಠಿಯಾವಾಡಿ’ಯಲ್ಲಿ ಆಲಿಯಾ ಭಟ್ ತಮ್ಮ ಸಹಜ ಕಂಠವನ್ನು ತಗ್ಗಿಸಿ, ಗುಜರಾತಿನ ಛಾಯೆ ಬೆರೆಸಿ, ವೇಶ್ಯಾಗೃಹಕ್ಕೆ ಮಾರಲ್ಪಟ್ಟ ಹುಡುಗಿ ಆ ಬೀದಿಯ ನಾಯಕಿಯಾಗುವುದನ್ನು ಧ್ವನಿಯ ಬದಲಾವಣೆಯಿಂದಲೇ ತೋರಿಸಿದರು, ಅದಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು.

ನಮ್ಮ ಆಯ್ಕೆ

ಡಬ್ಬಿಂಗ್ ಕುರಿತ ವಾದ ಕನ್ನಡಿಗರಿಗೆ ಹೊಸದಲ್ಲ. 1960ರ ದಶಕದ ಚಳವಳಿಯ ನಂತರ ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದು ಅಲಿಖಿತವಾಗಿ ನಿಷಿದ್ಧವಾಗಿತ್ತು. ಕನ್ನಡದ ಕಲಾವಿದರ ಅನ್ನ ಮತ್ತು ಚಿತ್ರರಂಗದ ಸ್ವಂತಿಕೆ ಉಳಿಯಬೇಕೆಂಬುದು ಒಂದು ಪಕ್ಷ. ಜಗತ್ತಿನ ಎಲ್ಲವನ್ನೂ ಕನ್ನಡದಲ್ಲಿ ಪಡೆಯುವ ಹಕ್ಕು ಪ್ರೇಕ್ಷಕನಿಗಿದೆಯೆಂಬುದು ಇನ್ನೊಂದು ಪಕ್ಷ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್‌ಗೆ ಅಡ್ಡಿಪಡಿಸುವುದರ ವಿರುದ್ಧ ಆದೇಶ ನೀಡಿತು. ಎರಡೂ ಪಕ್ಷಗಳ ವಾದ ಬಹುಪಾಲು ಉದ್ಯೋಗ ಮತ್ತು ಭಾಷಾಹಕ್ಕುಗಳ ಸುತ್ತ ನಡೆಯಿತು. ಅಭಿನಯಕ್ಕೆ ಏನಾಗುತ್ತದೆಂಬ ಪ್ರಶ್ನೆ ಹಿಂದೆ ಉಳಿಯಿತು.

ಜರ್ಮನಿಯಲ್ಲಿರುವ ಕನ್ನಡ ಕುಟುಂಬಗಳಿಗೆ ಇದು ಮನೆಯೊಳಗಿನ ಪ್ರಶ್ನೆ. ಅನೇಕ ಮನೆಗಳಲ್ಲಿ ಮಕ್ಕಳಿಗೆ ಅತ್ಯಂತ ಸಲೀಸಾದ ಭಾಷೆ ಜರ್ಮನ್, ಹಿಂದಿ ಅಷ್ಟಕ್ಕಷ್ಟೆ, ಕನ್ನಡ ಅಜ್ಜಿಯೊಂದಿಗಿನ ದೂರವಾಣಿಗೆ. ಅಂಥ ಮಗುವಿಗೆ ಸಬ್‌ಟೈಟಲ್ ಓದುತ್ತಾ ಎರಡೂವರೆ ಗಂಟೆ ಕುಳಿತಿರಬೇಕೆಂದು ಹೇಳುವುದು ಸುಲಭವಲ್ಲ. ಬರ್ಲಿನ್ ಉತ್ಸವದ ಮಕ್ಕಳ ವಿಭಾಗದಲ್ಲಿ ಒಂದು ಮಧ್ಯಮಮಾರ್ಗವಿದೆ: ಚಿತ್ರ ಮೂಲಧ್ವನಿಯಲ್ಲಿಯೇ ನಡೆಯುತ್ತಿರುವಾಗ ಸಭಾಂಗಣದಲ್ಲಿ ಕುಳಿತ ಒಬ್ಬರು ಜರ್ಮನ್ ಅನುವಾದವನ್ನು ಓದಿ ಹೇಳುತ್ತಾರೆ, ಅದರ ಕೆಳಗೆ ಪಾತ್ರಗಳ ಸ್ವಂತ ಧ್ವನಿ ಕೇಳಿಸುತ್ತಲೇ ಇರುತ್ತದೆ. ಕಣ್ಣು ಕಾಣದ ತಮ್ಮನನ್ನು ಅಕ್ಕ ರಾಜಸ್ಥಾನದುದ್ದಕ್ಕೂ ಶಾರುಖ್ ಖಾನ್‌ನನ್ನು ಹುಡುಕಿಕೊಂಡು ಕರೆದೊಯ್ಯುವ ‘ಧನಕ್’ ಚಿತ್ರ 2015ರಲ್ಲಿ ಆ ವಿಭಾಗದಲ್ಲಿಯೇ ಪ್ರಶಸ್ತಿ ಪಡೆಯಿತು.

ಮನೆಯಲ್ಲಿಯೂ ಇದನ್ನು ಅನುಸರಿಸಬಹುದು. ಕಥೆ ತಿಳಿಯಲು ಮೊದಲ ಬಾರಿ ಜರ್ಮನ್ ಧ್ವನಿಯಲ್ಲಿ ನೋಡಿದರೆ ದೋಷವಿಲ್ಲ. ಅಭಿನಯ ತಿಳಿಯಲು ಕೆಲವು ಮುಖ್ಯ ದೃಶ್ಯಗಳನ್ನಾದರೂ ಮೂಲಧ್ವನಿಗೆ ಬದಲಿಸಿ ಮತ್ತೆ ನೋಡಬೇಕು. ಚಿತ್ರಮಂದಿರಗಳ ಪ್ರಕಟಣೆಯಲ್ಲಿ ‘ಓಎಮ್‌ಯು’ ಎಂಬ ಮೂರಕ್ಷರಗಳಿದ್ದರೆ ಅದು ಸಬ್‌ಟೈಟಲ್ ಸಹಿತ ಮೂಲಧ್ವನಿಯ ಪ್ರದರ್ಶನವೆಂದರ್ಥ. 2004ರಿಂದ ನಡೆಯುತ್ತಿರುವ ಸ್ಟುಟ್‌ಗಾರ್ಟ್‌ನ ಭಾರತೀಯ ಚಿತ್ರೋತ್ಸವವೂ ಮೂಲಧ್ವನಿಯಲ್ಲಿ ಭಾರತದ ಹಲವು ಭಾಷೆಗಳ ಚಿತ್ರಗಳನ್ನು ನೋಡಲು ದೊರೆಯುವ ಸಂದರ್ಭ. ಅರ್ಥವಾಗದ ಭಾಷೆಯಲ್ಲಿಯೂ ಧ್ವನಿ ನಡುಗಿದ್ದು ಮಗುವಿಗೆ ತಿಳಿಯುತ್ತದೆ. ಯಾಕೆ ನಡುಗಿತೆಂದು ಅದು ಕೇಳಿದಾಗ ಹೇಳಬೇಕಾದವರು ಪಕ್ಕದಲ್ಲಿ ಕುಳಿತ ನಾವು.